ನನ್ನ ನಂಬರಿಗೆ ನಾನೇ ಫೋನ್ ಹಚ್ಚಿದ್ದು

ಭಾಲ್ಕಿ ಬಸ್‌ಸ್ಟ್ಯಾಂಡ್ ಎದುರು ಮೊಬೈಲ್ ಅಂಗಡಿ ಇಟ್ಟು ಕೂತಾಂವಗ ದಿನಾ ಒಂದು ತಮಾಷಾ ತಪ್ಪಿದ್ದಲ್ಲ. ಈ ಒಂದು ಸುದ್ದಿ ಈಗೂ ಮಂದಿ ಕೇಳಿ ನಗ್ತಾರ. ಆದ್ರ ಆವಾಗ ನಾ ನಕ್ಕಿಲ್ರಿ. ಖರೇ ಹೇಳ್ತೇನಿ, ಅಂಜಿ ಸತ್ತಿದ್ದೆ.

ಓಣಿಗೆಲ್ಲಾ ಒಂದೇ ನಂಬರ್

ಮಳಿ ಕೈಕೊಟ್ಟ ವರ್ಷ ಅವು. ಬಾಜೂ ಊರು ಮೆಹಕರದ ಮಂದಿ ಗಂಟುಮೂಟಿ ಕಟ್ಕೊಂಡು ಪುಣೆ, ಹೈದ್ರಾಬಾದ ಕಡೆ ದುಡೀಲಾಕ ಹೊಂಟಿದ್ರು. ಹೋದಲ್ಲಿ ಹಳೇ ಸಿಮ್ ಬಿಸಾಕಿ ಹೊಸಾದು ಹಾಕೋರು, ತಿರುಗಿ ಬಂದು ಮತ್ತೊಂದು ಹಾಕೋರು. ಒಂದಿನ ಮೆಹಕರದ ಕಾಕಾ ಒಬ್ರು ಅಂಗಡ್ಯಾಗ ಚಹಾ ಕುಡೀತಾ ಆರಾಮ ಹೇಳಿದ್ರು, "ತಮ್ಮಾ, ಬ್ಯಾಂಕಿನ್ಯಾಗ ನಿನ್ ನಂಬರ್ ಬರ್ಸೀನಿ."

"ನಂದ್ಯಾಕ ಕಾಕಾ?"

"ನಮ್ಮ ನಂಬರ್ ಊರೂರು ತಿರಗ್ತಾವ. ನೀ ಅಂಗಡಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ. ನಾ ಒಬ್ನೇ ಅಲ್ಲ, ನಮ್ಮ ಓಣಿ ಎಲ್ಲಾ ನಿಂದೇ ಬರ್ಸ್ಯದ."

ಅವತ್ತಿಂದ ಓಣಿ ಮಂದಿಯ ಓಟಿಪಿ ಎಲ್ಲಾ ನನ್ನ ಕಿಸೇದಾಗ. ಪುಣೆದಿಂದ ಫೋನ್ ಬರೋದು, ನಾ ಓದಿ ಹೇಳೋದು. ಈ ಧಂದೇದಾಗ ಇದ್ದಾಂವ ನಾ, ನನಗ ಗೊತ್ತಿತ್ತು: ಯಾವನರೆ ನನ್ನ ನಂಬರಿನ ಡುಪ್ಲಿಕೇಟ್ ಸಿಮ್ ತೆಗಿಸಿದಾ ಅಂದ್ರ ಎಲ್ಲಾರ ಖಾತೆ ಖಾಲಿ. ನಿದ್ದಿ ಹತ್ತೂದು ಬಿಟ್ಟಿತು. ಬ್ಯಾಡ ಕಾಕಾ, ಬದಲಿ ಮಾಡ್ಸ್ರಿ ಅಂತ ಕೈ ಮುಗಿದ್ರ, "ಯಾಕೋ ತಮ್ಮಾ, ನಿನ್ ಫೋನಿನ್ಯಾಗ ಜಾಗಾ ಇಲ್ಲೇನು?" ಅಂದ್ರು.

ಅವ್ವ ಮತ್ತ ಕಳ್ಳ

ಒಂದಿನ ಅವ್ವನ್ನ ಅಂಗಡ್ಯಾಗ ಕೂಡ್ಸಿ ಊಟಕ್ಕ ಹೋಗಿದ್ದೆ, ಫೋನ್ ಅಲ್ಲೇ ಬಿಟ್ಟಿದ್ದೆ. ಬಂದ್ರ ಅವ್ವ ಯಾರ ಜೋಡಿಯೋ ಹಿಂದಿದಾಗ ಮಾತಾಡ್ಲಾಕತ್ಯಾಳ. "ಸಿಮ್ ಬಂದ್ ಆಗ್ತದ, ಈಗ ಬಂದ ನಂಬರ್ ಹೇಳ್ರಿ" ಅಂತ ಅಂವ ಕೇಳೋದು, "ಅದಿರಲಿ, ನೀ ಯಾ ಊರಾಂವ, ಯಾರ ಪೈಕಿ?" ಅಂತ ಇಕಿ ಕೇಳೋದು. ನಮ್ಮ ಕಡೆ ಪೈಕಿ ತಿಳೀದ ಮಾತು ಮುಂದ ಹೋಗಂಗಿಲ್ಲ. ಅಂವ ಬ್ಯಾಸತ್ತು ಮುಂಬೈ ಅಂದ. ತೀರ್ತು! "ಮುಂಬೈಯಾಗ ನನ್ ತಂಗಿ ಮಗಾ ಕಟ್ಟಡದ ಕೆಲಸಕ್ಕ ಹೋಗ್ಯಾನ, ದಸರಾ ಹೋಗಿ ದೀವಳಿಗಿ ಬಂತು, ಫೋನಿಲ್ಲ. ಜರಾ ಹುಡ್ಕಿ ಕೊಡಪಾ" ಅಂತ ಬೆನ್ನ ಹತ್ತಿದ್ಳು. ಅವನೇ ಕಟ್ ಮಾಡ್ದ.

"ಏನೇನ್ ಕೇಳ್ದ ಅವ್ವಾ?"

"ಏನ್ ಕೇಳ್ತಾನ? ನಿನ್ ಹೆಸರು, ಅಂಗಡಿ, ಆಧಾರ್ ನಂಬರ್ ಎಲ್ಲಾ ಅವಂಗ ಬಾಯಿಪಾಠ ಅದ."

ನಾ ಫೋನ್ ಕಸ್ಕೊಂಡೆ. ಅವ್ವ ಮುಂದ ಹೇಳಿದ್ಳು, "ಬಾಳ ಶಾಣ್ಯಾ ಅದಾನ. ಲಗ್ನ ಆಗ್ಯದೋ ಇಲ್ಲೋ ಕೇಳೂದ್ ಮರ್ತೆ."

ಸಿಗ್ನಲ್ ಹೋದ ದಿನ

ಮುಂದ ಒಂದ್ ಮುಂಜಾನೆ ನನ್ನ ಫೋನಿನ ಸಿಗ್ನಲ್ ಹೋಯ್ತು. ಬಾಜು ಪಾನ್ ಡಬ್ಬಿಯವನ ಫೋನಿನ್ಯಾಗ ಅದ, ನಂದ್ರಾಗಿಲ್ಲ. ಯಾವನೋ ಡುಪ್ಲಿಕೇಟ್ ಸಿಮ್ ತೆಗಿಸ್ಯಾನ, ಅದಕ್ಕೇ ನಂದು ಬಂದ್ ಬಿದ್ದದ ಅಂತ ತಿಳೀತು. ಷಟರ್ ಎಳ್ದು ಬೀದರ ಬಸ್ ಹತ್ತಿದೆ. ದಾರಿ ತುಂಬ ಮೆಹಕರದವರ ಮಾರಿಗೋಳೇ ಕಣ್ಣ ಮುಂದ. ಇಟ್ಟಂಗಿ ಹೊತ್ತು ಗಳಿಸಿದ್ದು ಹೋದ್ರ ಅವರಿಗೆ ಏನಂತ ಹೇಳ್ಲಿ?

ಬೀದರದ ಕಂಪನಿ ಆಫೀಸಿನ ಕೌಂಟರಿನ್ಯಾಗ ಒಬ್ಬ ಹುಡುಗಿ. "ನಂಬರ್ ನಿಮ್ದೇ ಅಂತ ಖಾತ್ರಿ ಆಗ್ಬೇಕ್ರಿ. ಅದಕ್ಕ ಓಟಿಪಿ ಕಳಿಸೇನಿ, ಹೇಳ್ರಿ" ಅಂದ್ಳು.

"ತಾಯಿ, ಅದು ಕಳ್ಳಗ ಹೋಗ್ತದ!"

"ಹಂಗಿದ್ರ ಅವರನ್ನೂ ಕರ್ಕೊಂಡ್ ಬರ್ರಿ."

ಔರಾದದಾಗ ಸಿಕ್ಕಾಂವ

ಕೈಕಾಲು ಹಿಡ್ಕೊಂಡ ಮ್ಯಾಲ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದ್ಳು: ಇವತ್ತೇ ಔರಾದದ ಒಂದು ಅಂಗಡ್ಯಾಗ ನನ್ನ ನಂಬರಿನ ಹೊಸಾ ಸಿಮ್ ಕೊಟ್ಟಾರಂತ. ಅಕಿ ಫೋನ್ ಇಸ್ಕೊಂಡು ನನ್ನ ನಂಬರಿಗೆ ನಾನೇ ಹಚ್ಚಿದೆ.

"ಹಲೋ, ಯಾರು?"

ಗುರ್ತಿನ ದನಿ. ಮೆಹಕರದ ಕಾಕಾ!

"ಕಾಕಾ, ಅಂಗಡಿ ಮುಚ್ಚಿ ಬೀದರಕ್ಕ ಓಡಿ ಬಂದೀನಿ, ನನ್ನ ನಂಬರ್ ನಿಮ್ಮ ಹಂತೇಲಿ ಹ್ಯಾಂಗ?"

"ನಿನಗ ಎಷ್ಟಂತ ತ್ರಾಸ ಕೊಡೂದು ತಮ್ಮಾ! ಔರಾದಕ್ಕ ಮಗಳ ಮನಿಗೆ ಬಂದೆ, ಹೊಸಾ ಫೋನ್ ಕೊಡ್ಸಿದ್ಳು. ಅಂಗಡ್ಯಾಂವ ಅಳಿಯನ ದೋಸ್ತ. ಪಾಸ್‌ಬುಕ್ ತೋರ್ಸಿ, ಇದೇ ನನ್ ನಂಬರ್ ಅಂದೆ. ಬ್ಯಾಂಕಿನವರೇ ಬರ್ದಾರಲ್ಲ, ಕೊಟ್ಟಾ."

ಹೋದ ಜೀವ ಬಂತು. ಆದ್ರೂ ಕೇಳಿದೆ, "ಯಾರರೆ ಓಟಿಪಿ ಕೇಳಿದ್ರೇನು?"

"ಹೂಂ, ಈಗ ಒಬ್ಬಾಂವ ಹಿಂದಿದಾಗ ಕೇಳ್ದ. ಬಾಳ ಅರ್ಜೆಂಟ್ ಇತ್ತು ಪಾಪ."

"ಹೇಳಿದ್ರ್ಯಾ?"

"ಹ್ಯಾಂಗ ಹೇಳ್ಲಿ? ಇಂಗ್ಲಿಷಿನ್ಯಾಗ ಬಂದಿತ್ತು. ಭಾಲ್ಕಿ ಬಸ್‌ಸ್ಟ್ಯಾಂಡ್ ಎದುರು ನಮ್ಮ ಹುಡುಗ ಕೂಡ್ತಾನ, ಎಲ್ಲಾರದೂ ಅವನೇ ಓದಿ ಹೇಳ್ತಾನ, ಅಲ್ಲಿಗೆ ಹೋಗು ಅಂತ ಕಳಿಸೇನಿ. ಲಗೂ ಹೋಗಿ ಅಂಗಡಿ ತಗಿ ತಮ್ಮಾ, ತಡಾ ಆದ್ರ ಅಂವ ವಾಪಸ್ ಹೋದಾನು!"