ಕಂಚಿನ ಕಾಲ್ಬೆರಳು

ಮೆಲಾಂತನ ಗ್ರಹಚಾರಕ್ಕೆಲ್ಲ ಕಾರಣ ಅವನ ಎಡಗಾಲಿನ ಎರಡನೆಯ ಬೆರಳು. ಎಳವೆಯಲ್ಲಿ ಎಸೆಯುವ ಆಟದ ಭಾರದ ಚಕ್ರ ಕೈಜಾರಿ ಬಿದ್ದು ಜಜ್ಜಿಹೋದ ಆ ಬೆರಳು ಅಂದಿನಿಂದ ಹೆಬ್ಬೆರಳ ಮೇಲೆ ಸವಾರಿ ಮಾಡುತ್ತಿತ್ತು. ಹದಿನಾಲ್ಕು ವರ್ಷ ಚಕ್ರ ಎಸೆದರೂ ಪಾಪ, ಗೆದ್ದವರಿಗೆ ತೊಡಿಸುವ ಆಲಿವ್ ಮಾಲೆಯ ಒಂದು ಎಲೆಯೂ ಅವನಿಗೆ ದಕ್ಕಿರಲಿಲ್ಲ.

ಒಲಿಂಪಿಯಾದಲ್ಲಿ ಓಟ, ಜಿಗಿತ, ಚಕ್ರ ಎಸೆತ ಎಲ್ಲ ಸೇರಿದ ಐದಾಟದಲ್ಲಿ ಗೆದ್ದು ಬಂದವನು ಮೆಲಾಂತನದೇ ಊರಾದ ಸಿಕ್ಯೋನಿನ ಡೆಕ್ಸಿಪ್ಪ. ಅವನ ಕಂಚಿನ ಪ್ರತಿಮೆಯನ್ನು ಅಖಾಡದ ಬಾಗಿಲಲ್ಲಿ ದೇವರಿಗೆ ಅರ್ಪಿಸಬೇಕಿತ್ತು. ಗೆದ್ದವನಿಗೆ ಔತಣಗಳಿಂದ ಬಿಡುವಿಲ್ಲ. ಶಿಲ್ಪಿ ಸೊಸಿಯ ಎಂಬಾತ ಅವನ ಬದಲಿಗೆ ಗುಟ್ಟಾಗಿ ಮೆಲಾಂತನನ್ನೇ ಕರೆದು, ಚಕ್ರ ಹಿಡಿಸಿ, ನಲವತ್ತು ದಿನ ಸೊಂಟ ಬಗ್ಗಿಸಿ ನಿಲ್ಲಿಸಿದ. ಮೆಲಾಂತ ಅದನ್ನು ಅವ್ವನಿಗೊಬ್ಬಳಿಗೇ ಹೇಳಿದ. ಕಣ್ಣು ಹೋದ ಮೇಲೂ ಮಗನ ಗೆಲುವಿನ ಆಸೆ ಬಿಡದ ಮುದುಕಿ ಅವಳು. "ಮುಖ ನಂದಲ್ಲ ಅವ್ವ, ಕಾಲು ಮುಟ್ಟಿ ನೋಡು, ಗೊತ್ತಾಗುತ್ತೆ" ಎಂದಿದ್ದ.

ಅರ್ಪಣೆಯ ದಿನ ಬೆಳಿಗ್ಗೆ ಅವ್ವ ಹಿಗ್ಗು ತಡೆಯಲಾರದೆ ಮೀನು ಮಾರುವ ಮಿರ್ಟೊಳ ಕಿವಿಯಲ್ಲಿ ಆ ಗುಟ್ಟು ಉಸುರಿದಳು. ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಅದನ್ನು ಮೆಲುಕು ಹಾಕುತ್ತಿತ್ತು. ಅಖಾಡದ ಹಿರಿಯ ಮೆಲಾಂತನನ್ನು ತಡೆದು, ಈ ಮಾತು ನಿಜವೆಂದಾದರೆ ನೋಡು, ಇನ್ನೊಬ್ಬನ ಗೆಲುವನ್ನು ತನ್ನದೆನ್ನುವವನು ಮತ್ತೆಂದೂ ಚಕ್ರ ಮುಟ್ಟುವ ಹಾಗಿಲ್ಲ ಎಂದು ಗದರಿದ.

ಮೆಲಾಂತ ಪ್ರತಿಮೆಯತ್ತ ಓಡಿದ. ಸೊಸಿಯ ಎಲ್ಲೋ ಕುಡಿಯಲು ಹೋಗಿದ್ದ. ಬಟ್ಟೆ ಹೊದ್ದ ಪ್ರತಿಮೆಯ ಕೆಳಗೆ ನುಸುಳಿ ನೋಡಿದರೆ, ಬೆರಳು ಅಲ್ಲೂ ಸವಾರಿ ಹೊರಟಿತ್ತು. ಶಿಲ್ಪಿಯ ಚೀಲದಿಂದ ಅರ ತೆಗೆದು, ಅರ್ಪಣೆಯ ಮೆರವಣಿಗೆಯ ಕೊಳಲಿನವರು ಬರುವಷ್ಟರಲ್ಲಿ ಅದನ್ನು ಉಜ್ಜಿ ಉಜ್ಜಿ ಮಟ್ಟ ಮಾಡಿದ.

ಮಿರ್ಟೊ ಕೈಹಿಡಿದು ಕರೆತಂದ ಅವ್ವ ಪ್ರತಿಮೆಯ ಪಾದ ತಡವಿದಳು. ಮತ್ತೆ ತಡವಿದಳು.

"ಇದು ನನ್ನ ಮಗ ಅಲ್ಲ" ಎಂದಳು ಮೆಲ್ಲಗೆ.

ಮುದುಕಿಗೆ ಅರಳುಮರಳು ಎಂದು ಮಿರ್ಟೊ ಎಲ್ಲರಿಗೂ ಸಾರಿದಳು. ಹಿರಿಯನ ಹುಬ್ಬು ಸಡಿಲವಾಯಿತು. ಮೆಲಾಂತ ಬಚಾವಾದ. ಆದರೆ ಅವ್ವನ ಮುಖ ನೋಡಿ, ಅವಳ ಕೈ ಹಿಡಿಯಲು ಮುಂದೆ ಬಂದ.

ಅಷ್ಟರಲ್ಲಿ ಡೆಕ್ಸಿಪ್ಪ ಪ್ರತಿಮೆಯ ಕಾಲಬುಡದಲ್ಲಿ ಕುಸಿದು ಕುಳಿತ.

"ನನ್ನ ಬೆರಳೆಲ್ಲಿ? ಮೂರು ಸಲ ಗೆದ್ದೋರ ಪ್ರತಿಮೆಗೆ ಮಾತ್ರ ಅವರ ಸ್ವಂತ ಮುಖ ಅಂತ ಕಾಯ್ದೆ ಮಾಡಿದೀರಿ. ನಂದು ಅಂತ ಇದ್ದಿದ್ದು ಅದೊಂದೇ. ಸೊಸಿಯನ ಕಾಲು ಹಿಡಿದು ಹಾಕಿಸಿದ್ದೆ" ಎಂದು ತನ್ನ ಎಡಗಾಲನ್ನೆತ್ತಿ ತೋರಿಸಿದ. ಅಲ್ಲೂ ಎರಡನೆಯ ಬೆರಳು ಹೆಬ್ಬೆರಳ ಮೇಲೆ ಕೂತಿತ್ತು. ಚಕ್ರವನ್ನು ಒಮ್ಮೆಯೂ ಕಾಲ ಮೇಲೆ ಬೀಳಿಸಿಕೊಳ್ಳದ ಆಟಗಾರ ಎಲ್ಲಿದ್ದಾನೆ?

ಮೆಲಾಂತನ ಮೊಣಕಾಲಿಗೆ ಕಂಚಿನ ಪುಡಿ ಮೆತ್ತಿದ್ದು ಹಿರಿಯನ ಕಣ್ಣಿಗೆ ಬಿತ್ತು. ದೇವರ ಸೊತ್ತಿಗೆ ಅರ ಹಾಕಿದ ತಪ್ಪಿಗೆ, ಬದುಕಿರುವವರೆಗೆ ಅಖಾಡದ ಹೊಸ್ತಿಲು ತುಳಿಯಬಾರದೆಂದು ಅಲ್ಲೇ ತೀರ್ಪಾಯಿತು.

ಮನೆಯ ದಾರಿಯಲ್ಲಿ ಅವ್ವ ಮಗನ ತೋಳು ಹಿಡಿದು ನಿಲ್ಲಿಸಿದಳು.

"ಅಲ್ವೋ ಮಗಾ, ನೀನು ಉಜ್ಜಿದ ಬೆರಳು ನಿಂದೋ, ಅವನದೋ?"

ಮೆಲಾಂತನಿಗೂ ಗೊತ್ತಿರಲಿಲ್ಲ.