ಬಾಟ್ಲಿಗೊಂದು ಒತ್ತೆ

ನಾನು ಯಾರ ತಂಟೆಗೂ ಹೋಗುವವನಲ್ಲ. ಮಾತೂ ಕಡಿಮೆ. ಆದರೆ ಖಾಲಿ ಸೋಡಾ ಬಾಟ್ಲಿ ವಾಪಸ್ ತೆಗೆದುಕೊಳ್ಳುವ ಜಾಗದಲ್ಲಿ ಕೂತರೆ ತಂಟೆಯೇ ವಿಳಾಸ ಕೇಳಿಕೊಂಡು ಬರುತ್ತದೆ. ದಿನಾ ಬರುತ್ತದೆ. ಸಂತೆಯ ದಿನ ಜೊತೆಗೆ ನೆಂಟರನ್ನೂ ಕರೆತರುತ್ತದೆ.

೧. ಕೆಲಸ ಕಲಿತದ್ದು

ನ್ಯಾಮತಿಯಲ್ಲಿ ನಾನು ನೀರಗಂಟಿಯಾಗಿದ್ದೆ. ಬೀದಿಬೀದಿಗೆ ನೀರು ಬಿಡುವ ಕೆಲಸ. ವಾಲ್ವ್ ತಿರುಗಿಸಬೇಕು, ಮತ್ತೆ ಮುಚ್ಚಬೇಕು. ವಾಲ್ವ್ ಮಾತಾಡುವುದಿಲ್ಲ. ನಾನೂ ಆಡಲಿಲ್ಲ. ಹಾಗೇ ಸರ್ವೀಸು ಮುಗಿಯಿತು.

ಆಮೇಲೆ ಮನೆಯಲ್ಲಿ ಕೂತೆ. ಹೆಂಡತಿ ಸ್ವಲ್ಪ ದಿನ ಸುಮ್ಮನೆ ನೋಡಿದಳು. ಒಂದು ದಿನ, “ಗೋಡೆ ನೋಡ್ಕಂತ ಕುಂತೀರಿ. ಗೋಡೆ ಮ್ಯಾಲೆ ಒಂದ್ ಕ್ಯಾಲೆಂಡರಾದ್ರೂ ಐತೆ. ನಿಮ್ಮ ಮುಖದ ಮ್ಯಾಲೆ ಅದೂ ಇಲ್ಲ” ಎಂದಳು. ಬಸ್ ಸ್ಟ್ಯಾಂಡ್ ಹತ್ತಿರ ಹೊಸದಾಗಿ ದೊಡ್ಡ ಕಿರಾಣಿ ಅಂಗಡಿ ಆಗಿತ್ತು. ಅವಳೇ ಹೋಗಿ ನನಗೆ ಕೆಲಸ ಕೇಳಿ ಬಂದಳು.

ಸಾವ್ಕಾರ ಹೊನ್ನಾಳಿಯವನು. ನನ್ನ ಮಗನಿಗಿಂತ ಚಿಕ್ಕವನು. ಸೋಡಾ ಬರುವುದೂ ಹೊನ್ನಾಳಿಯ ಫ್ಯಾಕ್ಟರಿಯಿಂದಲೇ. ಗಾಜಿನ ಬಾಟ್ಲಿ, ಒಳಗೆ ಗೋಲಿ. ಖಾಲಿ ಬಾಟ್ಲಿ ಕೊಟ್ಟರೆ ಮಾತ್ರ ತುಂಬಿದ್ದು ಕೊಡುತ್ತಾರೆ. ಅದಕ್ಕೇ ಖಾಲಿ ವಾಪಸ್ ಪಡೆಯಲು ಒಬ್ಬ ಬೇಕಿತ್ತು.

“ಮೊದ್ಲು ಬಾಯಿ ನೋಡ್ರಿ ಅಜ್ಜಾರೆ, ಒಡೆದಿರಬಾರ್ದು. ಆಮೇಲೆ ಅಲ್ಲಾಡಿಸ್ರಿ, ಗೋಲಿ ಇರಬೇಕು. ಆಮೇಲೆ ಮೂಸಿ ನೋಡ್ರಿ” ಎಂದ ಸಾವ್ಕಾರ.

“ಯಾಕೆ?”

“ಬೈಕಿಗೆ ಪೆಟ್ರೋಲ್ ತರಾಕೆ ಒಯ್ದಿರ್ತಾರೆ.”

ಬಾಟ್ಲಿ ಮನೆಗೆ ಒಯ್ಯುವವರಿಂದ ಅವನು ಮುಂಗಡ ದುಡ್ಡು ಇಸಿದುಕೊಳ್ಳುವುದಿಲ್ಲ. ಅವರಪ್ಪನ ಕಾಲದಿಂದ ಬಂದ ಪದ್ಧತಿ. “ದುಡ್ಡು ಇಟ್ಟೋರು ಬಾಟ್ಲಿ ನಮ್ದೇ ಆತು ಅಂತ ತಿಳ್ಕಂತಾರೆ. ಅದ್ಕೇ ಏನಾದ್ರೂ ಸಾಮಾನು ಒತ್ತೆ ಇಟ್ಕಬೇಕು. ಸಂಜೆ ಒಳಗೆ ಅದಿಲ್ದೆ ಅವ್ರಿಗೆ ನಡೀಬಾರ್ದು, ಅಂಥದ್ದು.”

ಕೊನೆಗೆ ನನ್ನ ಮುಖ ನೋಡಿ ಸ್ವಲ್ಪ ತಡವರಿಸಿದ. “ಇನ್ನೊಂದ್ ಮಾತು. ನೀವು ಹಿಂಗೆ ಗುಮ್ಮನಂಗೆ ಕುಂತ್ರೆ ಗಿರಾಕಿ ಹೆದರ್ಕಂತಾರೆ. ನಾಕ್ ಮಾತಾಡಬೇಕು. ಯುಗಾದಿ ತನಕ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೇರ್ನ ನೋಡಬೇಕಾಗ್ತತೆ. ಬ್ಯಾಸರ ಮಾಡ್ಕಬ್ಯಾಡ್ರಿ.”

ನನಗೆ ಆ ಸ್ಟೂಲು ಆಗಲೇ ಹಿಡಿಸಿತ್ತು. ಬೀದಿ ಕಾಣುತ್ತದೆ, ಗಾಳಿ ಬರುತ್ತದೆ. ಮತ್ತೆ ಗೋಡೆಯ ಎದುರು ಕೂರುವ ಮನಸ್ಸಿರಲಿಲ್ಲ.

“ಹೂಂ” ಎಂದೆ.

“ನಾನು ಹೇಳಿದ್ದು ಇದ್ನೇ ಅಜ್ಜಾರೆ” ಎಂದ ಸಾವ್ಕಾರ.

೨. ರಿಮೋಟು

ಒತ್ತೆಯಾಗಿ ಬರುವ ಸಾಮಾನಿಗೆ ಲೆಕ್ಕವಿಲ್ಲ. ಒಂಟಿ ಚಪ್ಪಲಿ ಬಂದಿದೆ. ಕುಕ್ಕರಿನ ಸೀಟಿ ಬಂದಿದೆ. ಒಬ್ಬ ತನ್ನ ಬೈಕಿನ ಸೀಟನ್ನೇ ಕಿತ್ತಿಟ್ಟು, ನಿಂತುಕೊಂಡೇ ಗಾಡಿ ಓಡಿಸಿಕೊಂಡು ಹೋದ.

ಹಿಂದಿನ ಬೀದಿಯ ಹೆಣ್ಣುಮಗಳೊಬ್ಬಳು ಒಂದು ಸಂಜೆ ನಿಂಬೆ ಸೋಡಾ ಕೇಳಿದಳು. ಒತ್ತೆ ಎಂದೆ. ಸೆರಗಿನೊಳಗಿಂದ ಟಿ.ವಿ. ರಿಮೋಟು ತೆಗೆದಿಟ್ಟು ಹೋದಳು.

ಸ್ವಲ್ಪ ಹೊತ್ತಿಗೆ ಅವಳ ಅತ್ತೆ ಬಂದರು. ಓಡಿ ಬಂದಿದ್ದರು. ಕೈಯಲ್ಲಿ ಖಾಲಿ ಬಾಟ್ಲಿ.

“ತಗ ಇದು. ಕೊಡು ರಿಮೋಟು. ನನ್ನ ಧಾರಾವಾಹಿ ಶುರುವಾಗಿ ಹೋತು!”

ಬಾಯಿ ನೋಡಿದೆ. ಅಲ್ಲಾಡಿಸಿದೆ. ಮೂಸಿದೆ. ತಳದಲ್ಲಿ ಉಳಿದ ಸೋಡಾ ಇನ್ನೂ ಗುಳುಗುಳು ಎನ್ನುತ್ತಿತ್ತು.

“ಇಷ್ಟು ಬೇಗ ಕುಡಿದಳಾ?” ಎಂದೆ.

“ಎಲ್ಲಿ ಕುಡೀತಾಳೆ? ಲೋಟಕ್ಕೆ ಬಗ್ಸಿ ಇಟ್ಟು ಬಂದೀನಿ. ಮಾತಾಡಿಸಬ್ಯಾಡ, ಕೊಡು.”

ಕೊಟ್ಟೆ. ಅವರು ಹೋದ ವೇಗಕ್ಕೆ ನಮ್ಮ ಬೆಲ್ಲದ ಮೇಲಿನ ನೊಣ ಎದ್ದವು.

ಮರುದಿನ ಸಂಜೆ ಅದೇ ಹೊತ್ತಿಗೆ ಸೊಸೆ ಬಂದಳು. ರಿಮೋಟನ್ನು ನನ್ನ ಮುಂದಿಟ್ಟಳು. ನಾನು ಬಾಟ್ಲಿಗೆ ಕೈ ಹಾಕಿದೆ.

“ಸೋಡಾ ಬ್ಯಾಡ ಅಜ್ಜಾರೆ. ಇದನ್ನ ಇಟ್ಕಳ್ರಿ ಸಾಕು” ಎಂದಳು.

೩. ಕನ್ನಡಕ

ರಿಟೈರಾದ ಮೇಷ್ಟ್ರೊಬ್ಬರು ಒತ್ತೆಗೆ ಏನೂ ತಂದಿರಲಿಲ್ಲ. ಕನ್ನಡಕ ಬಿಚ್ಚಿ ಕೊಟ್ಟರು. ಗೋಡೆ ತಡವುತ್ತಾ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಬಂದು ಬಾಟ್ಲಿ ಕೊಟ್ಟರು. ಮೂಸಿ ನೋಡಿದೆ. ತಲೆ ಗಿರ್ರೆಂದಿತು. ಫಿನಾಯಿಲ್ ಬಾಟ್ಲಿ.

“ಇದಲ್ಲ” ಎಂದೆ.

ಹೋದರು. ಇನ್ನೊಂದು ತಂದರು. ಅದು ಕೊಬ್ಬರಿ ಎಣ್ಣೆಯದು. ಅದೂ ಅಲ್ಲವೆಂದೆ.

“ಅಲ್ಲಪ್ಪಾ, ಕನ್ನಡಕ ಕೊಟ್ರೆ ತಾನೇ ನಾನು ಬಾಟ್ಲಿ ಹುಡುಕೋದು?”

“ಬಾಟ್ಲಿ ಕೊಟ್ಟರೆ ಕನ್ನಡಕ.”

“ಇದು ಯಾವ ನ್ಯಾಯ?”

“ಸಾವ್ಕಾರರ ಅಪ್ಪಂದು.”

ಮೇಷ್ಟ್ರು ಯೋಚಿಸಿದರು. ಆಮೇಲೆ ಜೇಬಿನಿಂದ ತಮ್ಮ ಹಲ್ಲಿನ ಸೆಟ್ಟು ತೆಗೆದು ಟೇಬಲ್ ಮೇಲಿಟ್ಟು, ಕನ್ನಡಕ ಹಾಕಿಕೊಂಡು ಬಾಟ್ಲಿ ಹುಡುಕಲು ಹೋದರು. ಅವರು ಬರುವ ತನಕ ಬಂದ ಗಿರಾಕಿಗಳೆಲ್ಲ ನನ್ನನ್ನೂ ಆ ಸೆಟ್ಟನ್ನೂ ನೋಡಿ, ಹಲ್ಲು ಬಿಡುತ್ತಿರುವುದು ಅದೊಂದೇ ಎಂದು ಹೇಳಿ ಹೋದರು.

೪. ಖಾಲಿ ಕೊಡಬಾರದು

ಕತ್ತಲಗೆರೆ ಕಡೆಯ ಅಜ್ಜಿಯೊಬ್ಬರು ಮಗಳ ಮನೆಗೆಂದು ನಮ್ಮೂರಿಗೆ ಬಂದಿದ್ದರು. ಅವರು ವಾಪಸ್ ತಂದ ಬಾಟ್ಲಿ ತುಂಬಿತ್ತು. ಬೆಳ್ಳಗಿತ್ತು.

“ಏನಿದು?”

“ಮಜ್ಜಿಗೆ.”

“ಖಾಲಿ ಬೇಕು.”

“ಶಿವಶಿವಾ! ತಗಂಡೋಗಿದ್ದ ಪಾತ್ರೆ ಯಾರಾದ್ರೂ ಖಾಲಿ ವಾಪಸ್ ಕೊಡ್ತಾರೇನಪ್ಪಾ? ನಿಮ್ಮ ಮನ್ಯಾಗೆ ಕೊಡ್ತೀರಾ?”

ಕೊಡುವುದಿಲ್ಲ. ಪಕ್ಕದ ಮನೆಯ ಬಟ್ಟಲಿಗೆ ನನ್ನ ಹೆಂಡತಿಯೂ ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಕಳಿಸುತ್ತಾಳೆ. ಆದರೂ ಬಾಟ್ಲಿ ಖಾಲಿ ಆಗಬೇಕಿತ್ತು. ಕುಡಿದೆ. ಶುಂಠಿ, ಕರಿಬೇವು ಹಾಕಿದ್ದರು. ಚೆನ್ನಾಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜಿ ಬೀದಿಯಲ್ಲೆಲ್ಲ ಹೇಳಿದರು. ಮರುದಿನದಿಂದ ಆ ಬೀದಿಯ ಯಾವ ಬಾಟ್ಲಿಯೂ ಖಾಲಿ ಬರಲಿಲ್ಲ. ಒಂದರಲ್ಲಿ ಪಾನಕ. ಒಂದರಲ್ಲಿ ಹುರುಳಿಕಟ್ಟಿನ ಸಾರು. ಒಂದರಲ್ಲಿ ಶಾವಿಗೆ ಪಾಯಸ. ಶಾವಿಗೆ ಗೋಲಿಗೆ ಸುತ್ತಿಕೊಂಡು ಅರ್ಧ ದಿನ ಹೊರಗೆ ಬರಲಿಲ್ಲ.

ಸಾವ್ಕಾರ ಬಂದಾಗ ನಾನು ಸಾರಿನ ಬಾಟ್ಲಿ ಎತ್ತಿ ಹಿಡಿದಿದ್ದೆ.

“ಅಜ್ಜಾರೆ, ಬಾಟ್ಲಿ ಮೂಸಿ ನೋಡ್ರಿ ಅಂದಿದ್ದೆ. ನೀವು ಊಟಕ್ಕೇ ಕುಂತೀರಲ್ರಿ!”

“ಉಪ್ಪು ಕಡಿಮೆ” ಎಂದೆ.

೫. ನಾಲ್ಕು ಮಾತು

ಯುಗಾದಿ ಹತ್ತಿರ ಬಂತು. ಚನ್ನಗಿರಿಯವನೊಬ್ಬ ಸಿಕ್ಕಿದ್ದಾನೆ, ಬಾಯಿ ಚಲೋ ಐತೆ, ಬಂದು ಜಾಗ ನೋಡುತ್ತಾನಂತೆ ಎಂದು ಸಾವ್ಕಾರ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಒಳ್ಳೆಯ ಹುಡುಗ.

ಸರಿ, ಮಾತಾಡೋಣ ಎಂದುಕೊಂಡೆ. ರಾತ್ರಿಯೆಲ್ಲ ಯೋಚಿಸಿ ನಾಲ್ಕು ಮಾತು ಹೊಂದಿಸಿದೆ. ಬೆಳಿಗ್ಗೆ ಮೊದಲ ಗಿರಾಕಿ ನಮ್ಮ ಬೀದಿಯ ಹೆಂಗಸು. ನಾನು ನೀರು ಬಿಡುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವಳು. ನಾನು ಎದ್ದು ನಿಂತೆ.

“ಬಾರಮ್ಮಾ. ಚೆನ್ನಾಗಿದೀಯಾ? ಮಕ್ಕಳು ಚೆನ್ನಾಗಿದಾವಾ? ಬಿಸಿಲು ಬಹಳ, ಅಲ್ಲವಾ?” ಎಂದೆ. ಸ್ವಲ್ಪ ನಕ್ಕೆ ಕೂಡ.

ಅವಳು ಬಾಟ್ಲಿ ಕೆಳಗಿಟ್ಟಳು. ಒತ್ತೆ ಇಟ್ಟ ಕೊಡೆಯನ್ನೂ ಕೇಳದೆ ಹೊರಟುಹೋದಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಜಗುಲಿಯ ತುಂಬ ಜನ. ನನ್ನ ತಂಗಿ ಬಂದಿದ್ದಳು. ಅವಳ ಬೀಗರು ಬಂದಿದ್ದರು. ಬ್ರೆಡ್ಡು, ಮೂಸಂಬಿ, ಎಳನೀರು ತಂದಿದ್ದರು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಏನಾಯಿತು?” ಎಂದೆ.

ತಂಗಿ ನನ್ನ ಕೈ ಹಿಡಿದಳು. “ಸುಮ್ನಿರಣ್ಣಾ, ಆಯಾಸ ಮಾಡ್ಕಬ್ಯಾಡ. ಬೆಳಿಗ್ಗೆ ಅಂಗಡ್ಯಾಗೆ ಏನೇನೋ ಮಾತಾಡಿದ್ಯಂತೆ.”

೬. ದಿಬ್ಬಣ

ಚನ್ನಗಿರಿಯವನು ಬಂದೇ ಬಂದ. ಬೆಳಿಗ್ಗೆಯೇ ಬಂದು ನನ್ನ ಸ್ಟೂಲಿನ ಪಕ್ಕ ನಿಂತು ಮಾತು ಶುರು ಮಾಡಿದ. ರಾಗಿಯ ದರದಿಂದ ರಾಕೆಟ್ಟಿನ ತನಕ ಹೋಯಿತು. ಗಿರಾಕಿಗಳು ನಗುತ್ತಿದ್ದರು. ಸಾವ್ಕಾರ ನಗುತ್ತಿದ್ದ. ನನ್ನ ಕತೆ ಮುಗಿಯಿತು ಎಂದುಕೊಂಡೆ.

ಆಗ ಜಗಳೂರಿನಿಂದ ಮದುವೆ ದಿಬ್ಬಣದ ಬಸ್ಸು ಬಂತು. ಸವಳಂಗದಾಚೆ ಹೆಣ್ಣಿನ ಊರು, ಮಧ್ಯಾಹ್ನಕ್ಕೆ ಮುಹೂರ್ತ. ಸೆಖೆಗೆ ಬಸ್ಸಿನ ತುಂಬ ಎಲ್ಲರಿಗೂ ಸೋಡಾ ಬೇಕು. ರೇಷ್ಮೆ ಸೀರೆಯವರು ಇಳಿಯಲು ಒಪ್ಪಲಿಲ್ಲ.

“ಒಳಗೇ ಕೊಡ್ರಿ. ಬಂಕಿಗೆ ಹೋಗಿ ಡೀಸೆಲ್ ಹಾಕ್ಸಿ, ಹಿಂಗೇ ಬಂದು ಬಾಟ್ಲಿ ಕೊಟ್ಟು ಹೋಗ್ತೀವಿ” ಎಂದರು.

“ಒತ್ತೆ” ಎಂದೆ.

ಅಷ್ಟು ಬಾಟ್ಲಿಗೆ ತಕ್ಕ ಒತ್ತೆ ಏನಿಡುವುದು? ಹುಡುಗನ ಸೋದರಮಾವ, ನನ್ನ ವಯಸ್ಸಿನವರು, ಬಸ್ಸಿಳಿದು ಬಂದು ನಮ್ಮ ಬೆಂಚಿನ ಮೇಲೆ ಕೂತರು. “ನಾನಿದೀನಿ” ಎಂದರು. ಬಸ್ಸು ಹೊರಟಿತು.

ಬಂಕಿನಿಂದ ಡ್ರೈವರ್ ನೆಟ್ಟಗೆ ಸವಳಂಗದ ರಸ್ತೆ ಹಿಡಿದ. ಎಷ್ಟು ಹೊತ್ತಾದರೂ ಬರಲಿಲ್ಲ. ಸಾವ್ಕಾರ ಬೀದಿಗೂ ಅಂಗಡಿಗೂ ಓಡಾಡಿದ. ಚನ್ನಗಿರಿಯವನು ಇಂಥ ಮೋಸಗಳ ಬಗ್ಗೆ ಭಾಷಣ ಕೊಟ್ಟ. ಸೋದರಮಾವ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಖಾರ ಮಂಡಕ್ಕಿ ಪೊಟ್ಟಣ ನಡುವೆ ಇಟ್ಟೆ. ತಿಂದೆವು. ಬಹಳ ದಿನದ ಮೇಲೆ ಒಬ್ಬರ ಜೊತೆ ಕೂತು ಸಂತೋಷವಾಯಿತು.

ಆಮೇಲೆ ಬಸ್ಸು ಹಾರ್ನ್ ಹೊಡೆಯುತ್ತಾ ವಾಪಸ್ ಬಂತು. ಮಾವನನ್ನು ಹುಡುಕಿಕೊಂಡು ಬಂದರು ಎಂದುಕೊಂಡೆ. ಮಾವನ ಕಡೆ ಯಾರೂ ನೋಡಲಿಲ್ಲ. ಇಳಿದವನು ಮದುಮಗ. ಅವನ ಬಲಗೈಯ ತೋರುಬೆರಳು ಸೋಡಾ ಬಾಟ್ಲಿಯೊಳಗೆ ಸಿಕ್ಕಿಕೊಂಡಿತ್ತು. ಗೋಲಿಯನ್ನು ಬೆರಳಿನಿಂದಲೇ ಒತ್ತುತ್ತೇನೆಂದು ಗೆಳೆಯರ ಮುಂದೆ ಜಂಬ ಮಾಡಿದ್ದನಂತೆ. ಒತ್ತಿದ್ದ. ಬೆರಳು ಒಳಗೇ ಉಳಿಯಿತು.

“ಬಾಟ್ಲಿ ಕೊಟ್ಟೋರೇ ಬಿಡಿಸ್ರಪ್ಪಾ! ಮುಹೂರ್ತಕ್ಕೆ ಹೊತ್ತಾತು! ಈ ಕೈಯಾಗೆ ತಾಳಿ ಹೆಂಗೆ ಕಟ್ತಾನೆ?” ಎಂದು ಹುಡುಗನ ತಾಯಿ ಅತ್ತರು.

ಇಡೀ ಬಸ್ಸು ಅಂಗಡಿಯೊಳಗೆ ಬಂತು. ಒಬ್ಬರು ಎಳಿ ಎಂದರು. ಒಬ್ಬರು ತಿರುಗಿಸು ಎಂದರು. ಒಬ್ಬರು ಒಡೆದುಬಿಡಿ ಎಂದರು, ಮದುಮಗ ಕಿರುಚಿದ. ಚನ್ನಗಿರಿಯವನು ಎಲ್ಲರಿಗಿಂತ ಮೇಲಿನ ದನಿಯಲ್ಲಿ, ತನ್ನ ಚಿಕ್ಕಪ್ಪನ ಬೆರಳು ಹೀಗೇ ಸಿಕ್ಕು ಆಸ್ಪತ್ರೆಯಲ್ಲಿ ಏನಾಯಿತೆಂದು ವಿವರಿಸತೊಡಗಿದ. ಹುಡುಗ ಹೆದರಿ ಬೆರಳು ಜಗ್ಗಾಡಿದ. ಬೆರಳು ಇನ್ನಷ್ಟು ಊದಿತು. ಯಾರೋ ಒಬ್ಬಾಕೆ ಅಪಶಕುನ ಎಂದರು. ಹೆಣ್ಣಿನ ಕಡೆಯವರಿಗೆ ಏನು ಹೇಳುವುದೆಂದು ಇನ್ನೊಬ್ಬಾಕೆ ಶುರು ಮಾಡಿದರು.

ನಾನು ಎದ್ದೆ.

“ಎಲ್ಲಾ ಸುಮ್ನಿರ್ರಿ” ಎಂದೆ.

ದನಿ ಸ್ವಲ್ಪ ಜೋರಾಗಿಯೇ ಬಂತು. ಬಹಳ ವರ್ಷ ಬಳಸದೆ ಇಟ್ಟದ್ದು. ಅಂಗಡಿಯೇ ಸ್ತಬ್ಧವಾಯಿತು. ಅಳುತ್ತಿದ್ದ ತಾಯಿ ನಿಲ್ಲಿಸಿದರು. ಚನ್ನಗಿರಿಯವನ ಬಾಯಿ ತೆರೆದದ್ದು ತೆರೆದಂತೆ ನಿಂತಿತು. ಹೊರಗೆ ಡ್ರೈವರ್ ಎಂಜಿನ್ ಆಫ್ ಮಾಡಿದ.

ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಕೈ ಮೇಲಕ್ಕೆ ಎತ್ತಿ ಹಿಡಿಸಿದೆ. ಬಾಟ್ಲಿಯ ಬಾಯಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಸುಮ್ಮನೆ ನಿಂತೆ. ಎಲ್ಲರೂ ಸುಮ್ಮನೆ ನಿಂತರು. ಹುಡುಗನ ಉಸಿರು ನಿಧಾನವಾಯಿತು, ಜಗ್ಗಾಟ ನಿಂತಿತು, ಊತ ಇಳಿಯಿತು. ಪುಳಕ್ ಎಂದು ಬೆರಳು ಬಂತು.

ಯಾರೂ ಚಪ್ಪಾಳೆ ಕೂಡ ಹೊಡೆಯಲಿಲ್ಲ. ಕೈ ಮುಗಿದರು, ಬಾಟ್ಲಿಗಳನ್ನೆಲ್ಲ ತಂದು ಸದ್ದಾಗದಂತೆ ಜೋಡಿಸಿದರು, ತುದಿಗಾಲಲ್ಲಿ ಬಸ್ಸು ಹತ್ತಿದರು. ಬಸ್ಸು ಹೋಯಿತು.

ಬೆಂಚಿನ ಮೇಲೆ ಸೋದರಮಾವ ಕೂತೇ ಇದ್ದರು.

ಸಾವ್ಕಾರ ಹಣೆ ಚಚ್ಚಿಕೊಂಡ. “ಅಯ್ಯೋ! ಯಜಮಾನ್ರೇ, ನಿಮ್ಮನ್ನ ಮತ್ತೆ ಬಿಟ್ಟು ಹೋದ್ರಲ್ರೀ!” ಎಂದು ಬಸ್ಸಿನ ಹಿಂದೆ ಓಡಲು ಹೊರಟ.

“ಓಡಬ್ಯಾಡಪ್ಪಾ. ಬರ್ತಾರೆ” ಎಂದರು ಮಾವ. ಅಂಗಿಯ ಒಳಜೇಬಿನಿಂದ ಅರಿಶಿನದ ಬಟ್ಟೆಯ ಪುಟ್ಟ ಗಂಟು ತೆಗೆದು ತೋರಿಸಿದರು. “ತಾಳಿ ನನ್ನತ್ರ ಐತೆ.”

ಸಾವ್ಕಾರನಿಗೆ ಬೆವರು ಬಂತು. “ಅಷ್ಟೂ ಜನ ಇಲ್ಲೇ ನಿಂತಿದ್ರಲ್ರೀ! ಆಗ್ಲೇ ಒಂದ್ ಮಾತು ಹೇಳಬಾರ್ದಾಗಿತ್ತಾ?”

ಮಾವ ನನ್ನ ಕಡೆ ಕೈ ತೋರಿಸಿದರು.

“ಈ ಅಜ್ಜಾರು ಸುಮ್ನಿರ್ರಿ ಅಂದ್ರಲ್ಲ.”

ದೂರದಲ್ಲಿ ಹಾರ್ನ್ ಕೇಳಿಸಿತು. ಬಸ್ಸು ಬರುತ್ತಿತ್ತು. ಸಾವ್ಕಾರ ಚನ್ನಗಿರಿಯವನ ಕಡೆ ನೋಡಿದ. ಅವನು ಆಗಿನಿಂದ ಇನ್ನೂ ಬಾಯಿ ಮುಚ್ಚಿರಲಿಲ್ಲ, ಮಾತೂ ಹೊರಟಿರಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, ಚಹಾ ಕುಡಿಸಿ ಚನ್ನಗಿರಿ ಬಸ್ಸಿಗೆ ಹತ್ತಿಸುವುದಾಗಿ ಹೇಳಿದ. ಆಮೇಲೆ ನನ್ನ ಹತ್ತಿರ ಬಂದ.

“ಅಜ್ಜಾರೆ, ಯುಗಾದಿ ಆದ ಮೇಲೂ ನೀವೇ ಬರ್ರಿ. ಆದ್ರೆ ಕೈ ಮುಗೀತೀನಿ, ಇನ್ನೊಂದ್ ಸಲ ಅಷ್ಟು ಮಾತಾಡಬ್ಯಾಡ್ರಿ.”