ಶಾಲೆಯಂಗಳದಲ್ಲಿ ನೈಲ್ ನದಿ

ಗೋವು ಕಾಯ್ದ ನಂದಗೋಪಾಲನಿಗೆ ಮೊದಲ ನಮಸ್ಕಾರ. ಕಾಡಿನಲ್ಲಿ ದಾರಿ ತಪ್ಪಿದ ಕರುವನ್ನು ಕೊಳಲೂದಿ ಕೊಟ್ಟಿಗೆಗೆ ಕರೆತಂದ ಸ್ವಾಮಿ ಅವನು. ದಿಕ್ಕು ಕಲಿಸುವ ನನ್ನಂಥವರಿಗೆ ಅವನಿಗಿಂತ ದೊಡ್ಡ ಗುರು ಯಾರಿದ್ದಾರೆ? ಅವನ ಹೆಸರು ಹೇಳಿಕೊಂಡೇ ಈ ಮಾತು ಶುರು ಮಾಡುತ್ತೇನೆ.

ತಮಿಳು ಸೀಮೆಯ ಕಂಬಂ ಕಣಿವೆಯ ಒಂದು ಶಾಲೆಯಲ್ಲಿ ಏಳನೆಯ ತರಗತಿಗೆ ಭೂಗೋಳ ಹೇಳಿಕೊಡುವವಳು ನಾನು. ಈ ಕೆಲಸದಲ್ಲಿ ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಲ್ ಹೊಡೆದ ಕೂಡಲೇ ಅದೇ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತದೆ. ಮಕ್ಕಳಲ್ಲಿ ಅರ್ಧ ಜನ ನಮ್ಮಂತೆ ಮನೆಯಲ್ಲಿ ಕನ್ನಡ ಆಡುವವರು, ಉಳಿದವರು ತಮಿಳಿನವರು. ತರಗತಿಯಲ್ಲಿ ಎರಡೂ ಕಲಸಿಹೋಗುತ್ತವೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ.

ನಡೆದದ್ದು ಈಚೆಗೆ. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತೇವೆ. ಅವರು ಗಣಿತದವರು. ಒಂದು ದಿನ ನನ್ನನ್ನು ಕರೆದು, "ಏನಮ್ಮಾ, ಈಗ ಎಲ್ಲರ ಕೈಲೂ ಫೋನ್ ಇದೆ. ಬಲಕ್ಕೆ ತಿರುಗು, ಎಡಕ್ಕೆ ತಿರುಗು ಅಂತ ಅದೇ ಹೇಳುತ್ತೆ. ನಕ್ಷೆ ಓದೋದು ಯಾರಿಗೆ ಬೇಕು? ನಿನ್ನ ನಕ್ಷೆಯ ಪೀರಿಯಡ್ಡುಗಳನ್ನ ಗಣಿತಕ್ಕೆ ಕೊಟ್ಟುಬಿಡು" ಎಂದರು.

"ಫೋನಿಗೆ ಚಾರ್ಜ್ ಹೋದರೆ, ಟೀಚರ್?" ಎಂದೆ.

ಅವರು ಪಂಥ ಕಟ್ಟಿದರು. "ಸರಿ, ಅರ್ಧವಾರ್ಷಿಕ ರಜೆಗೆ ಮೊದಲು ನಾನೇ ಬರ್ತೀನಿ. ನಿನ್ನ ಮಕ್ಕಳು ಕಣ್ಣಲ್ಲಿ ನೋಡದ ಒಂದು ದೊಡ್ಡ ಊರಲ್ಲಿ, ನಾನು ಹೇಳಿದ ಜಾಗಕ್ಕೆ ನಕ್ಷೆ ನೋಡಿ ನನ್ನನ್ನ ಕರಕೊಂಡು ಹೋಗಲಿ. ನೀನು ಬಾಯಿ ಬಿಡಬಾರದು. ದಾರಿ ತಪ್ಪಿದರೆ ಪೀರಿಯಡ್ಡು ನನ್ನದು."

ನಾನು ಒಪ್ಪಿಕೊಂಡೆ. ಮನೆಗೆ ಬಂದು ದೀಪ ಹಚ್ಚಿ, ಸ್ವಾಮಿ, ಪೀರಿಯಡ್ಡು ಉಳಿಸುವವರೆಗೆ ನಾನು ಬಿಡುವವಳಲ್ಲ, ನೀನೂ ನನ್ನ ಕೈ ಬಿಡಬೇಡ ಎಂದು ಕೇಳಿಕೊಂಡೆ. ಊರು ಯಾವುದು ಎಂಬುದಕ್ಕೆ ಹೆಚ್ಚು ಯೋಚಿಸಲಿಲ್ಲ. ನಡುವೆ ನದಿ ಹರಿಯುವ ಊರಾದರೆ ನಮ್ಮ ಮಕ್ಕಳಿಗೆ ಸಲೀಸು ಎಂದು ಈಜಿಪ್ಟಿನ ಕೈರೋ ಹಿಡಿದೆ. ಸಲೀಸು ಎಂದುಕೊಂಡದ್ದು ನಾನು. ಸ್ವಾಮಿ ಆಗಲೇ ನಕ್ಕಿರಬೇಕು.

ಮೋಟಾರ್ ಇಲ್ಲದ ನದಿ

ಮೊದಲ ದಿನ ಗೋಡೆಗೆ ಕೈರೋದ ದೊಡ್ಡ ನಕ್ಷೆ ತೂಗುಹಾಕಿದೆ. ಕೋಲು ಹಿಡಿದು, "ನೋಡಿ ಮಕ್ಕಳೇ, ನೈಲ್ ನದಿ ಇಲ್ಲಿ ತೆಂಕಲಿಂದ ಬರುತ್ತೆ, ಊರನ್ನ ಸೀಳಿಕೊಂಡು ಹೀಗೆ ಬಡಗಲಿಗೆ ಹೋಗುತ್ತೆ" ಎಂದು ಕೆಳಗಿನಿಂದ ಮೇಲಕ್ಕೆ ಕೋಲು ಎಳೆದೆ.

ಗದ್ದೆಯಿರುವ ಮನೆಯ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ಎಷ್ಟು ಎಚ್‌ಪಿ ಮೋಟಾರ್ ಇಟ್ಟಿದ್ದಾರೆ?"

"ಮೋಟಾರ್ ಎಲ್ಲಿ ಬಂತಪ್ಪಾ? ತಾನಾಗಿಯೇ ಹರಿಯುತ್ತೆ."

"ಮೋಟಾರ್ ಇಲ್ಲದೆ ನೀರು ಮೇಲಕ್ಕೆ ಹತ್ತುತ್ತಾ? ನಮ್ಮಪ್ಪನ ಹತ್ತಿರ ಹೇಳಿದರೆ ನಗ್ತಾರೆ ಟೀಚರ್."

ತರಗತಿಯೆಲ್ಲ ಅವನ ಕಡೆಗೆ. ನಾನು ಬೋರ್ಡಿನ ಕಡೆ ತಿರುಗಿ ದಿಕ್ಕುಗಳನ್ನು ಬರೆಯುವಷ್ಟರಲ್ಲಿ ಅವನು ಬೆಂಚು ಹತ್ತಿ, ನಕ್ಷೆ ಬಿಚ್ಚಿ, ತಲೆಕೆಳಗು ಮಾಡಿ ತೂಗುಹಾಕಿದ್ದ. ಮಕ್ಕಳೆಲ್ಲ "ಹಾಂ, ಈಗ ಹರಿಯುತ್ತೆ" ಎಂದು ಸಮಾಧಾನದ ಉಸಿರು ಬಿಟ್ಟರು. ಬಡಗಲು ನೆಲ ಮುಟ್ಟುತ್ತಿತ್ತು.

ಬಯ್ಯಬಾರದು, ತೋರಿಸಬೇಕು ಎಂದುಕೊಂಡು ಎಲ್ಲರನ್ನೂ ಶಾಲೆಯ ಹಿಂದಿನ ಹೊಳೆಗೆ ಕರೆದುಕೊಂಡು ಹೋದೆ. ಕೂಡಲೂರಿನ ಕಡೆಯಿಂದ ಬರುವ ನೀರು ಅದು. ಅವನ ಕೈಗೇ ದಿಕ್ಸೂಚಿ ಕೊಟ್ಟು, "ನೀರು ಯಾವ ಕಡೆ ಹೋಗ್ತಿದೆ, ನೋಡಿ ಹೇಳು" ಎಂದೆ. ನೋಡಿದ. ದಿಕ್ಸೂಚಿ ತಟ್ಟಿದ. ಮತ್ತೆ ನೋಡಿದ. ಹೊಳೆ ಬಡಗಲಿಗೇ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಅವನು ಈಜಿದ ನೀರು!

ದಿಕ್ಸೂಚಿಯನ್ನು ನನ್ನ ಕೈಗೆ ವಾಪಸು ಕೊಟ್ಟ. ಆಮೇಲೆ ದೊಡ್ಡ ಮನಸ್ಸು ಮಾಡಿ ಹೇಳಿದ: "ಟೀಚರ್, ನಿಮ್ಮ ನಕ್ಷೆ ಸರಿಯಾಗಿದೆ. ನಮ್ಮೂರನ್ನೇ ತಿರುಗಿಸಿ ತೂಗುಹಾಕಬೇಕು."

ಹೂವಿನ ಮೊಳ

ಗೋಡೆಯ ನಕ್ಷೆಯಲ್ಲಿ ಬೆರಳು ನಡೆದರೆ ಸಾಲದು, ಕಾಲು ನಡೆಯಬೇಕು ಎಂದು ಆಟದ ಮೈದಾನದ ತುಂಬ ಕೈರೋ ಬಿಡಿಸಲು ಹೊರಟೆ. ಅಳತೆಯ ಪಾಠವೂ ಆದೀತು. ಗೋಡೆಯಲ್ಲಿ ಒಂದು ಬೆರಳಗಲ ಇದ್ದದ್ದು ನೆಲದಲ್ಲಿ ಒಂದು ಮೊಳ ಎಂದು ಗೊತ್ತುಮಾಡಿದೆ. ನದಿಯ ಬಲದಂಡೆಯನ್ನು ಹುಡುಗಿಯರಿಗೂ ಎಡದಂಡೆಯನ್ನು ಹುಡುಗರಿಗೂ ಹಂಚಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಸುಣ್ಣದ ನೀರಿಗೆ ಕಲಸಿ ನದಿಗೆ ಇಟ್ಟುಕೊಂಡೆವು.

ಹುಡುಗಿಯರ ಕಡೆ ಮೊಳ ಹಾಕಿದವಳ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರುತ್ತಾರೆ. ಅವಳ ಕೈ ಹಗ್ಗದ ಮೇಲೆ ಓಡುವುದನ್ನು ನೋಡುವುದೇ ಚೆಂದ. ಹುಡುಗರು ಅರ್ಧ ಅಳೆಯುವ ಹೊತ್ತಿಗೆ ಅವಳದು ಮುಗಿದಿತ್ತು.

ಸೇತುವೆ ಹಾಕುವಾಗ ಗೊತ್ತಾಯಿತು. ಹುಡುಗರ ದಂಡೆಯಲ್ಲಿ ಸೇತುವೆ ಹೊರಟ ಜಾಗಕ್ಕೆ ಎದುರಾಗಿ ಹುಡುಗಿಯರ ದಂಡೆಯಲ್ಲಿ ಊರೇ ಇರಲಿಲ್ಲ. ಅವರ ಕೈರೋ ಆಗಲೇ ಮುಗಿದು ಮರಳುಗಾಡು ಬಂದಿತ್ತು. ಹುಡುಗರು ಕುಣಿದರು. ಅವಳನ್ನು ಕರೆದು, "ಏನಮ್ಮಾ, ಎಲ್ಲಿ, ಒಂದು ಮೊಳ ಹಾಕಿ ತೋರಿಸು" ಎಂದೆ. ತೋರಿಸಿದಳು. ಮೊಳಕೈ ಹೇಗೋ ಒಳಕ್ಕೆ ಸರಿದು, ಬೆರಳುಗಳು ಮಡಿಚಿಕೊಂಡು, ಮೊಳ ಅನ್ನುವುದು ಗೇಣಿನ ತಂಗಿಯಷ್ಟಾಗಿತ್ತು.

"ಇಷ್ಟು ಚಿಕ್ಕ ಮೊಳ ಉಂಟೇನಮ್ಮಾ?"

ಅವಳು ನನ್ನನ್ನೇ ಕನಿಕರದಿಂದ ನೋಡಿದಳು. "ಟೀಚರ್, ಇದು ಮಾರೋ ಮೊಳ. ಮನೆಗೆ ಅಳೆಯೋದು ಅಂತ ನೀವು ಮೊದಲೇ ಹೇಳಬೇಕಾಗಿತ್ತು."

ಮೂಲೆ ಸೈಟು

ಅಳಿಸಿ, ಎಲ್ಲರೂ ಮನೆಯ ಮೊಳದಲ್ಲೇ ಮತ್ತೆ ಬಿಡಿಸಿದೆವು. ಈಗ ಕೈರೋ ಚೆನ್ನಾಗಿ ಕುಳಿತಿತ್ತು. ನಡುವೆ ನೀಲಿ ನದಿ, ನದಿಯಲ್ಲಿ ದ್ವೀಪ, ಸೇತುವೆಗಳು, ಮೂಡಲಿಗೆ ಹಳೆಯ ಕೋಟೆ, ದೂರ ತೆಂಕಪಡುವಲ ಮೂಲೆಯಲ್ಲಿ ಪಿರಮಿಡ್ಡು. ಬೀದಿಗಳಿಗೆಲ್ಲ ಸುಣ್ಣದ ಗೆರೆ, ಮೂಲೆಗಳಲ್ಲಿ ಬಣ್ಣದ ಕಾಗದದ ಬಾವುಟ.

ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಂದೆಯೊಬ್ಬರು ಬೇಲಿಯಾಚೆ ಬೈಕು ನಿಲ್ಲಿಸಿ ಬಹಳ ಹೊತ್ತು ನೋಡಿದರು. ಈ ಕಡೆ ಸುಣ್ಣದ ಗೆರೆ, ಬಾವುಟ ಕಂಡರೆ ಏನರ್ಥ ಎಂದು ತೇಣಿಯಿಂದ ದಿಂಡಿಗಲ್‌ವರೆಗೆ ರಸ್ತೆಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಒಳಗೆ ಬಂದು ದನಿ ತಗ್ಗಿಸಿ ಕೇಳಿದರು.

"ಟೀಚರಮ್ಮಾ, ನೀರಿನ ಪಕ್ಕದ ಈ ಮೂಲೆ ಸೈಟು ಮೂಡಲ ಬಾಗಿಲಾ?"

"ಅಯ್ಯಾ, ಇದು ಕೈರೋ."

"ಹೆಸರು ಚೆನ್ನಾಗಿದೆ. ಬಸ್ಸು ಹೋಗುತ್ತಾ?"

"ಬಸ್ಸು ಇಲ್ಲ, ವಿಮಾನದಲ್ಲೇ ಹೋಗಬೇಕು" ಎಂದೆ, ಈಗಲಾದರೂ ತಿಳಿಯಲಿ ಎಂದು.

ಅವರ ಮುಖ ಇಳಿದುಹೋಯಿತು. "ಏರ್‌ಪೋರ್ಟೂ ಬಂತಾ? ಹಾಗಿದ್ದರೆ ನಮ್ಮ ಕೈಗೆ ಸಿಗೋದಲ್ಲ ಬಿಡಿ."

ಕೆಂಪು ಚುಕ್ಕೆ

ಪರೀಕ್ಷೆ ಹತ್ತಿರ ಬಂತು. ನಕ್ಷೆ ಸ್ವಾಮಿಯ ಮುಂದೆ ಇರಲಿ ಎಂದು ಗೋಡೆಯಿಂದ ಬಿಚ್ಚಿ ಮನೆಗೆ ತಂದು ದೇವರ ಗೂಡಿನ ಕೆಳಗೆ ಇಟ್ಟೆ. ನಮ್ಮ ಅತ್ತೆ ಹಿಂದಿನ ಕಾಲದವರು. ಅವರ ಕನ್ನಡವನ್ನು ಕೇಳಿದರೆ ಮೈಸೂರಿನವರಿಗೆ ಅರ್ಧ ತಿಳಿಯಲಿಕ್ಕಿಲ್ಲ. "ಇದೇನು ತಾಯಿ?" ಎಂದರು. "ಮಕ್ಕಳು ಹೋಗುವ ಊರು ಅತ್ತೆ, ದಾರಿ ತಪ್ಪಬಾರದು ಅಂತ ಇಟ್ಟಿದ್ದೀನಿ" ಎಂದೆ.

"ದೂರದೂರಿಗೆ ಓಗೋ ಪಿಳ್ಳೆಗಳ್ನ ಬೊಟ್ಟಿಕ್ಕದೆ ಯಾರಾನ ಕಳಿಸ್ತಾರಾ?" ಎಂದು ಗೊಣಗಿದರು. ನಾನು ಅಡಿಗೆಮನೆಯಲ್ಲಿದ್ದೆ.

ಮರುದಿನ ತರಗತಿಯಲ್ಲಿ ನಕ್ಷೆ ಬಿಚ್ಚಿದರೆ ಕೈರೋದ ತುಂಬ ಕುಂಕುಮ! ನಾಲ್ಕು ಮೂಲೆಗೆ, ಕೋಟೆಗೆ, ಪಿರಮಿಡ್ಡಿನ ನೆತ್ತಿಗೆ, ನದಿಯ ನಡುವಿಗೂ ಒಂದು. ನಕ್ಷೆಯಲ್ಲಿ ಅರ್ಥವಿಲ್ಲದ ಗುರುತೇ ಇರುವುದಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೆನಲ್ಲ, ಮಕ್ಕಳು ನಾನು ಬಾಯಿ ಬಿಡುವ ಮೊದಲೇ ಚರ್ಚೆಗೆ ಇಳಿದಿದ್ದರು. ಒಬ್ಬನಿಗೆ ಅದು ಪೆಟ್ರೋಲ್ ಬಂಕ್. ಒಬ್ಬಳಿಗೆ ಆಸ್ಪತ್ರೆ. "ನದಿ ನಡುವೆ ಆಸ್ಪತ್ರೆನಾ?" "ಮುಳುಗಿದವರಿಗೆ ಕಣೋ!" ನಕ್ಷೆಯ ಮೂಲೆಯ ಚುಕ್ಕೆ ಘಟ್ಟದ ಗಡಿಯ ಬೋಡಿಮೆಟ್ಟಿನಲ್ಲಿ ಇರುವಂಥ ಚೆಕ್‌ಪೋಸ್ಟ್ ಎಂದು ಎಲ್ಲರೂ ಒಪ್ಪಿದ್ದರು.

ನಾನು ನಡೆದದ್ದನ್ನು ಹೇಳಿದೆ. ಯಾರೂ ನಗಲಿಲ್ಲ. ಹೂವಿನ ಹುಡುಗಿ ಪೆನ್ನು ತೆಗೆದುಕೊಂಡು ಹೋಗಿ, ನಕ್ಷೆಯ ಕೆಳಗೆ ಗುರುತುಗಳ ವಿವರಣೆ ಇರುವ ಚೌಕದಲ್ಲಿ ಒಂದು ಕೆಂಪು ಚುಕ್ಕೆಯಿಟ್ಟು, ಅದರ ಮುಂದೆ ಗುಂಡಗೆ ಬರೆದಳು: "ಟೀಚರ್ ಅತ್ತೆ ಬಂದು ಹೋದ ಜಾಗ."

ದೊಡ್ಡ ಟೀಚರ್ ನೀರಿಗಿಳಿದದ್ದು

ಆ ದಿನ ಬಂತು. ದೊಡ್ಡ ಟೀಚರ್ ಕಂಚಿ ಸೀರೆ ಉಟ್ಟು, ಕೊಡೆ ಹಿಡಿದು ಮೈದಾನಕ್ಕೆ ಇಳಿದರು. ನಾನು ಬೇವಿನ ಮರದ ಕೆಳಗೆ ಬಾಯಿ ಮುಚ್ಚಿ ನಿಂತೆ. ಬಾಯಿ ಮುಚ್ಚಿತ್ತು, ಮನಸ್ಸು ಗೋಪಾಲಾ ಗೋಪಾಲಾ ಎನ್ನುತ್ತಿತ್ತು.

ಅವರು ಊರಿನ ಬಡಗಮೂಡಲಿಗಿರುವ ರೈಲ್ವೆ ಸ್ಟೇಷನ್ ಮೇಲೆ ಹೋಗಿ ನಿಂತರು. "ಈಗ ರೈಲಿಂದ ಇಳಿದಿದ್ದೀನಿ. ನನ್ನನ್ನ ಪಿರಮಿಡ್ಡಿಗೆ ಕರಕೊಂಡು ಹೋಗಿ."

ಗದ್ದೆ ಮನೆಯ ಹುಡುಗ ಕೈಯಲ್ಲಿ ನಕ್ಷೆ ಹಿಡಿದು ಮುಂದೆ ಬಂದ. "ಮೊದಲು ತೆಂಕಲಿಗೆ ನಡೀಬೇಕು ಮಿಸ್. ದೊಡ್ಡ ಚೌಕ ಬರುತ್ತೆ. ಅಲ್ಲಿಂದ ಪಡುವಲಿಗೆ ತಿರುಗಿ, ಸೇತುವೆ ದಾಟಿ ದ್ವೀಪ, ಇನ್ನೊಂದು ಸೇತುವೆ ದಾಟಿ ಆ ದಂಡೆ. ಆಮೇಲೆ ತೆಂಕಪಡುವಲಿಗೆ ನೇರ ರಸ್ತೆ." ಒಂದು ತಪ್ಪಿಲ್ಲ. ನನ್ನ ಕಣ್ಣು ತುಂಬಿತು.

ದೊಡ್ಡ ಟೀಚರ್ ಕೊಡೆಯ ತುದಿಯಿಂದ ಪಿರಮಿಡ್ಡನ್ನು ತೋರಿಸಿದರು. "ಅದೋ ಅಲ್ಲೇ ಕಾಣುತ್ತಲ್ಲೋ. ಯಾಕೆ ಸುತ್ತಬೇಕು? ಎರಡು ಬಿಂದುಗಳ ನಡುವೆ ಅತಿ ಕಡಿಮೆ ದೂರ ಯಾವುದು?"

"ಸರಳರೇಖೆ ಮಿಸ್" ಎಂದರು ಮಕ್ಕಳು, ಅಭ್ಯಾಸಬಲದಿಂದ.

"ಮತ್ತೆ? ಇದಕ್ಕೇ ಹೇಳೋದು ಗಣಿತ ಜಾಸ್ತಿ ಬೇಕು ಅಂತ" ಎಂದು ನನ್ನ ಕಡೆ ಒಂದು ನೋಟ ಬೀರಿ, ಸರಳರೇಖೆಯಲ್ಲಿ ಹೊರಟೇಬಿಟ್ಟರು. ಮನೆಗಳ ಮೇಲೆ, ಬೀದಿಗಳ ಮೇಲೆ, ಬಿರಬಿರನೆ. ಹೋಯಿತು ನನ್ನ ಪೀರಿಯಡ್ಡು ಎಂದುಕೊಂಡೆ. ದಾರಿಯನ್ನೇ ಬೇಡವೆಂದವರನ್ನು ಯಾವ ನಕ್ಷೆ ಕಾಯುತ್ತದೆ?

"ಮಿಸ್! ನಿಲ್ಲಿ ಮಿಸ್!"

ಇಡೀ ತರಗತಿ ಕಿರುಚಿತು. ಅದು ಆಟದ ಕಿರುಚಾಟವಲ್ಲ, ನಿಜವಾದ ಭಯ. ದೊಡ್ಡ ಟೀಚರ್ ಬೆಚ್ಚಿ ನಿಂತರು. "ಏನ್ರೋ? ಹಾವಾ?"

"ನೈಲ್ ನದಿ ಮಿಸ್! ನಟ್ಟ ನಡುವೆ ಇದ್ದೀರಿ!"

ಅವರು ಕೆಳಗೆ ನೋಡಿದರು. ಸುತ್ತಲೂ ನೀಲಿ. ಮಕ್ಕಳ ಮುಖ ನೋಡಿದರು. ಒಬ್ಬರೂ ನಗುತ್ತಿರಲಿಲ್ಲ. ಒಬ್ಬಳು ಆಗಲೇ ಅಳುವುದಕ್ಕೆ ತಯಾರಾಗಿದ್ದಳು. ನಮ್ಮ ಶಾಲೆಯನ್ನೆಲ್ಲ ನಡುಗಿಸುವ ಆ ಹೆಂಗಸು ಮೆಲ್ಲಗೆ ಬಗ್ಗಿ, ಕಂಚಿ ಸೀರೆಯ ನೆರಿಗೆಯನ್ನು ಮೊಳಕಾಲಿನವರೆಗೆ ಎತ್ತಿ ಹಿಡಿದರು.

"ನನಗೆ ಈಜು ಬರಲ್ಲ. ಬೇಗ ಹೇಳಿ, ಯಾವ ಕಡೆ ಹೋಗಲಿ?"

ಮಕ್ಕಳು ನಕ್ಷೆಯ ಮೇಲೆ ಮುಗಿಬಿದ್ದರು. "ಮೂಡಲ ದಂಡೆ!" "ದೂರ ಕಣೋ, ಮುಳುಗಿಬಿಡ್ತಾರೆ!" ಗದ್ದೆ ಮನೆಯ ಹುಡುಗ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಮಿಸ್, ಒದ್ದಾಡಬೇಡಿ. ನೀರು ಬಡಗಲಿಗೆ ಹೋಗುತ್ತೆ, ಅದರ ಜೊತೆಗೇ ಹೋಗಿ. ದ್ವೀಪ ಸಿಗುತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ."

ದೊಡ್ಡ ಟೀಚರ್ ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಕೊಡೆ ಹಿಡಿದು ನೀರಿನ ಜೊತೆಗೇ ಬಡಗಲಿಗೆ ಬಂದು ದ್ವೀಪ ಹತ್ತಿದರು. ಅಲ್ಲಿಂದ ಮಕ್ಕಳು ಕೈ ಹಿಡಿದು, ಸೇತುವೆ ದಾಟಿಸಿ, ಪಿರಮಿಡ್ಡಿನ ಬುಡಕ್ಕೆ ತಲುಪಿಸಿದರು. ಪಿರಮಿಡ್ಡಿನ ಮೇಲೆ ಕುಳಿತು ಅವರು ನೀರು ತರಿಸಿಕೊಂಡು ಕುಡಿದರು. "ಪೀರಿಯಡ್ಡು ನಿನ್ನದೇ ಇರಲಿ" ಎಂದರು. ನಾನು ಅಲ್ಲೇ ಬಿಸಿಲಲ್ಲಿ ಕೈಮುಗಿದೆ.

ಮರುದಿನ ಬೆಳಿಗ್ಗೆಯೇ ಕರೆಸಿದರು. ಅವರ ಕೋಣೆ ನದಿಯ ಮೂಡಲಿಗೆ, ಸ್ಟಾಫ್ ರೂಮು ಪಡುವಲಿಗೆ. "ಅಮ್ಮಾ, ನಾನು ದಿನಾ ಆ ಕಡೆ ಹೋಗಬೇಕು. ಕಾಲಿಟ್ಟ ಕೂಡಲೇ ಮಕ್ಕಳು ಕಿಟಕಿಯಿಂದ ಕೂಗ್ತಾರೆ. ನನ್ನ ಕೋಣೆ ಎದುರಿಗೆ ಒಂದು ಚಿಕ್ಕ ಸೇತುವೆ ಬರೆಸಿಬಿಡು."

"ಟೀಚರ್, ಕೈರೋದಲ್ಲಿ ಆ ಜಾಗದಲ್ಲಿ ಸೇತುವೆ ಇಲ್ಲ. ನಕ್ಷೆಯಲ್ಲಿ ಸುಳ್ಳು ಬರೆಯೋದು ಹೇಗೆ?" ಎಂದೆ, ಕೈಕಟ್ಟಿಕೊಂಡು, ಬಹಳ ವಿನಯವಾಗಿ.

ಮಳೆ ಬಂದು ಊರು ತೊಳೆದುಹೋಗುವವರೆಗೆ ದೊಡ್ಡ ಟೀಚರ್ ದಿನವೂ ಕೊಡೆ ಹಿಡಿದು ಸ್ಟೇಷನ್ ದಾಟಿ, ಚೌಕಕ್ಕೆ ಬಂದು, ಎರಡು ಸೇತುವೆ ಹತ್ತಿಳಿದು ಚಹಾ ಕುಡಿಯಲು ಬರುತ್ತಿದ್ದರು.

ಇಷ್ಟು ಹೊತ್ತು ಕೂತು ಕೇಳಿದ ಎಲ್ಲರನ್ನೂ ನಂದಗೋಪಾಲ ಕಾಪಾಡಲಿ. ನಿಮ್ಮ ಮನೆಯ ಮಕ್ಕಳು ಯಾವ ದೂರದೂರಿಗೆ ಹೋದರೂ ಕೈ ಹಿಡಿದು ನಡೆಸುವವರು ಸಿಗಲಿ. ನಡೆವ ದಾರಿಗೆ ನೀರು ಅಡ್ಡ ಬಂದರೆ, ಸ್ವಾಮಿಯ ದಯದಿಂದ, ಸೇತುವೆ ನಿಮ್ಮ ಬಾಗಿಲ ಎದುರಿಗೇ ಇರಲಿ.